ಬೆನ್ನಿನ ಸಾಮು

ಹಳೆಯ ಮೈಸೂರಿನ ಗರಡಿಮನೆಗೆ ಬಾಗಿಲು ಸಾಮಾನ್ಯವಾಗಿ ಒಂದೇ, ಅದೂ ಚಿಕ್ಕದು. ಎಂಥ ಜಗಜಟ್ಟಿಯಾದರೂ ಪಾದರಕ್ಷೆಯನ್ನು ಹೊರಗೆ ಬಿಟ್ಟು, ನಡುವನ್ನು ಬಗ್ಗಿಸಿ, ತಲೆಯನ್ನು ತಗ್ಗಿಸಿಯೇ ಅದನ್ನು ದಾಟಬೇಕು. ದೈವದ ಮುಂದೆ ಬಾಗಿ ಬರಲೆಂದು ಹಾಗೆ ಕಟ್ಟಿದರೆಂದು ಕೆಲವರು ಹೇಳುವರು. ಬೆವರಿದ ಮೈಗೆ ಹೊರಗಿನ ಗಾಳಿ ಸೋಕದಿರಲೆಂದು ಹಾಗೆ ಮಾಡಿದರೆಂದು ಮತ್ತೆ ಕೆಲವರ ಅಭಿಪ್ರಾಯ. ಎರಡೂ ನಿಜವಿರಬಹುದು. ಬಾಲ್ಯದಲ್ಲಿ ತಾತನ ಕೈ ಹಿಡಿದು ಮೊದಲ ಸಲ ಅಂಥದೊಂದು ಬಾಗಿಲನ್ನು ದಾಟಿದಾಗ ನನಗಂತೂ ಬಗ್ಗುವ ಪ್ರಮೇಯವೇ ಇರಲಿಲ್ಲ, ಬಗ್ಗಿದವರು ತಾತ. ಎಪ್ಪತ್ತನ್ನು ದಾಟಿದ್ದ ಅವರು ಗೋಡೆಯ ಆಸರೆಯನ್ನು ಬೇಡದೆ, ಉಸ್ಸೆನ್ನದೆ, ಮಡಿಸುವ ಚಾಕುವಿನಂತೆ ಸೊಂಟದಲ್ಲಿ ಮಡಿದು ಒಳಹೊಕ್ಕು, ಮರುಕ್ಷಣವೇ ಮತ್ತೆ ನೆಟ್ಟಗೆ ನಿಂತುದು ಆಗ ನನಗೆ ವಿಶೇಷವೆಂದು ತೋರಲಿಲ್ಲ. ಅವರ ವಯಸ್ಸಿಗೆ ಇನ್ನೂ ಬಹಳ ದೂರವಿರುವಾಗಲೇ, ನೆಲದ ಮೇಲೆ ಬಿದ್ದ ಪತ್ರಿಕೆಯನ್ನು ಎತ್ತಿಕೊಳ್ಳುವುದಕ್ಕೆ ಕುರ್ಚಿಯ ಕೈಯನ್ನು ಹಿಡಿದುಕೊಳ್ಳುವ ಅವಸ್ಥೆ ನನಗೆ ಬಂದಮೇಲೆ, ಆ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ ಸುಳಿಯತೊಡಗಿತು. ಅಂಥ ಬೆನ್ನು ನಮ್ಮ ಸೀಮೆಯಲ್ಲಿ ಯಾವ ಯಾವ ಕೈಗಳಲ್ಲಿ, ಯಾವ ಯಾವ ಅಭ್ಯಾಸಗಳಲ್ಲಿ ಬೆಳೆದು ಬಂದಿತೆಂಬುದನ್ನು ವಿಚಾರಿಸುವುದಕ್ಕಾಗಿ ಈ ಬರಹ.

ಗರಡಿಯ ಒಳಗಡೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಮಟ್ಟಿ ಇರುತ್ತದೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ತುಪ್ಪ, ಅರಿಸಿನ, ಕರ್ಪೂರಗಳನ್ನು ಬೆರೆಸಿ ಹದಗೊಳಿಸಿದ ಆ ಮಣ್ಣನ್ನು ದಿನವೂ ಸಲಿಕೆಯಿಂದ ಅಗೆದು, ಮಗುಚಿ, ಸಡಿಲಗೊಳಿಸಬೇಕು. ಅದು ಹೊಸಬರ ಪಾಲಿನ ಕೆಲಸ, ಉಸ್ತಾದರ ಲೆಕ್ಕದಲ್ಲಿ ಅದೇ ಮೊದಲ ಸಾಮು. ಆಂಜನೇಯನಿಗೆ ಕೈ ಮುಗಿದು, ಮಟ್ಟಿಯ ಮಣ್ಣನ್ನು ಮೈಗೆ ಹಚ್ಚಿಕೊಂಡು, ದಂಡವನ್ನೂ ಬಸ್ಕಿಯನ್ನೂ ಹೊಡೆದ ತರುವಾಯವೇ ಗದೆಯನ್ನಾಗಲಿ ಗುಂಡುಕಲ್ಲನ್ನಾಗಲಿ ಮುಟ್ಟುವುದು. ದಂಡವೆಂದರೆ ಇಷ್ಟೆ: ಅಂಗೈಗಳ ಮತ್ತು ಕಾಲ್ಬೆರಳುಗಳ ಮೇಲೆ ಮೈಭಾರವನ್ನು ನಿಲ್ಲಿಸಿ, ಸೊಂಟವನ್ನು ಮೇಲಕ್ಕೆತ್ತಿ, ಅಲ್ಲಿಂದ ಎದೆಯು ನೆಲವನ್ನು ಸವರುವಂತೆ ಮುಂದಕ್ಕೆ ಜಾರಿ, ಹೆಡೆಯೆತ್ತಿದ ಹಾವಿನಂತೆ ಕತ್ತನ್ನೂ ಎದೆಯನ್ನೂ ಮೇಲೆತ್ತಿ, ಮತ್ತೆ ಬಂದ ದಾರಿಯಲ್ಲೇ ಹಿಂದಿರುಗುವುದು. ಒಂದೊಂದು ದಂಡದಲ್ಲಿಯೂ ಬೆನ್ನು ಒಮ್ಮೆ ಮುಂದಕ್ಕೆ ಬಾಗುತ್ತದೆ, ಒಮ್ಮೆ ಹಿಂದಕ್ಕೆ ಬಾಗುತ್ತದೆ. ಬೆನ್ನಿಗೆಂದೇ ಪ್ರತ್ಯೇಕವಾದೊಂದು ಸಾಮು ಗರಡಿಯಲ್ಲಿ ಇರಲಿಲ್ಲ. ಇರಬೇಕೆಂದು ಯಾರಿಗೂ ತೋರಲಿಲ್ಲ. ಯಾವ ಸಾಮನ್ನು ಮಾಡಿದರೂ ಅದು ಬೆನ್ನಿನ ಸಾಮೇ ಆಗಿತ್ತು.

ಈ ಬಾಗುವಿಕೆಯ ಮಹತ್ತ್ವವನ್ನು ಈ ಕಾಲದ ಶರೀರಶಾಸ್ತ್ರವು ತನ್ನದೇ ಮಾತಿನಲ್ಲಿ ಹೇಳುತ್ತದೆ. ಹಸುಗೂಸಿನ ಬೆನ್ನುಸಾಲಿನಲ್ಲಿ 33 ಎಲುಬುಗಳಿರುವುವು. ಬೆಳೆದವರಲ್ಲಿ ಕೆಳಗಿನವು ಒಂದರೊಡನೊಂದು ಬೆಸೆದುಕೊಂಡು 26 ಆಗುವುವು. ಅವುಗಳ ನಡುನಡುವೆ ಮೆತ್ತೆಯಂತಿರುವ ಬಿಲ್ಲೆಗಳಿಗೆ ದೊಡ್ಡವರಲ್ಲಿ ರಕ್ತನಾಳಗಳ ಸಂಚಾರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ಇಳಿದಾಗ ಸುತ್ತಣ ರಸವನ್ನು ಹೀರಿಕೊಂಡು ಅವು ಜೀವಿಸಬೇಕು. ಅಂದಮೇಲೆ ಬೆನ್ನಿಗೆ ಅಪಾಯ ಬಗ್ಗುವುದರಿಂದ ಮಾತ್ರವಲ್ಲ, ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇದ್ದುಬಿಡುವುದರಿಂದಲೂ ಉಂಟು. ಗರಡಿಯ ಉಸ್ತಾದರು ಈ ಬಿಲ್ಲೆಗಳ ಹೆಸರನ್ನು ಕೇಳಿದವರಲ್ಲ. ಆದರೆ ಸಾಮು ತಪ್ಪಿಸಿದ ಹುಡುಗನ ಬೆನ್ನನ್ನು ತಟ್ಟಿ ನೋಡಿ, ಇವನು ಎಷ್ಟು ದಿನ ಮಟ್ಟಿಗೆ ಇಳಿದಿಲ್ಲವೆಂಬುದನ್ನು ಅವರು ಹೇಳಬಲ್ಲವರಾಗಿದ್ದರು.

ಈ ವಿದ್ಯೆ ಕನ್ನಡನಾಡಿನಲ್ಲಿ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸನ ವಿನೋದಗಳನ್ನು ವರ್ಣಿಸುವ ಭಾಗದೊಳಗೆ ಮಲ್ಲವಿನೋದವೂ ಒಂದು. ಕುಸ್ತಿಯನ್ನು ನೋಡಿ ನಲಿಯುವ ಅರಸನು ಆ ಕುಸ್ತಿಯ ಹಿಂದಿನ ಬೆವರನ್ನೂ ಗಮನಿಸಿದ್ದನೆಂಬುದು ಇಲ್ಲಿಯ ಸ್ವಾರಸ್ಯ. ಮಲ್ಲರು ಮಾಡಬೇಕಾದ ಶ್ರಮಗಳನ್ನು ಅವನು ಹೆಸರಿಟ್ಟು ಹೇಳುತ್ತಾನೆ: ಭಾರವನ್ನೆತ್ತುವ ಭಾರಶ್ರಮ, ಬೆಳಗಿನ ನಡಿಗೆಯಾದ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹತ್ತಿ ಅಪ್ಪಿ ತಿರುಗುವ ಸ್ತಂಭಶ್ರಮ. ಇಂದು ಬೆನ್ನುನೋವಿನವರಿಗೆ ವೈದ್ಯರು ಹೇಳುವ ಮಾತುಗಳಲ್ಲಿ ನಡಿಗೆಗೂ ಈಜಿಗೂ ಅಗ್ರಸ್ಥಾನ. ಸುಮಾರು ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದ ಆಸ್ಥಾನದಲ್ಲಿ ಅವು ಔಷಧವಾಗಿರಲಿಲ್ಲ, ದಿನಚರಿಯಾಗಿದ್ದುವು. ಮಲ್ಲರ ಅನ್ನಪಾನಗಳನ್ನು ಅರಮನೆಯೇ ನೋಡಿಕೊಳ್ಳುತ್ತಿದ್ದಿತೆಂಬುದನ್ನು ಮಾತ್ರ ಮರೆಯಬಾರದು. ಹೊಟ್ಟೆಯ ಚಿಂತೆಯಿಲ್ಲದವನಿಗೆ ಬೆನ್ನಿನ ಚಿಂತನೆ ಸುಲಭ.

ವಿಜಯನಗರದ ಕಾಲಕ್ಕೆ ಬಂದರೆ ಮಲ್ಲರ ಈ ಸಾಮನ್ನು ಅರಸನೇ ಮಾಡುವುದನ್ನು ಕಾಣುತ್ತೇವೆ. 1520ರ ಆಸುಪಾಸಿನಲ್ಲಿ ಹಂಪೆಗೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್ ಎಂಬವನು ಶ್ರೀಕೃಷ್ಣದೇವರಾಯನ ಮುಂಜಾವಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಕು ಹರಿಯುವ ಮೊದಲೇ ಎದ್ದು, ಎಳ್ಳೆಣ್ಣೆಯನ್ನು ಒಂದು ಪ್ರಮಾಣದಲ್ಲಿ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಪೂಸಿಸಿಕೊಂಡು, ನಡುವಿಗೆ ಚಿಕ್ಕದೊಂದು ವಸ್ತ್ರವನ್ನು ಬಿಗಿದು, ಮಣ್ಣಿನಿಂದ ಮಾಡಿದ ಭಾರವಾದ ಗುಂಡುಗಳನ್ನು ತೋಳುಗಳಿಂದೆತ್ತಿ, ಆಮೇಲೆ ಕತ್ತಿಯನ್ನು ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಇಳಿದುಹೋಗುವವರೆಗೂ ಸಾಧನೆ ಮಾಡುತ್ತಿದ್ದನಂತೆ. ತರುವಾಯ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಹಿಡಿದು, ಕುದುರೆಯನ್ನೇರಿ ಬಯಲಿನಲ್ಲಿ ಅತ್ತಿತ್ತ ಓಡಿಸಿ, ಬೆಳಗಾಗುವ ಹೊತ್ತಿಗೆ ಸ್ನಾನಕ್ಕೆ ಬರುತ್ತಿದ್ದನಂತೆ. ಇದರಲ್ಲಿ ನನ್ನ ಮನಸ್ಸನ್ನು ಸೆಳೆದುದು ಎತ್ತಿದ ಭಾರವೂ ಅಲ್ಲ, ಓಡಿಸಿದ ಕುದುರೆಯೂ ಅಲ್ಲ, ಅವುಗಳ ಅನುಕ್ರಮ. ಮೊದಲು ಸ್ನಿಗ್ಧತೆ, ಆಮೇಲೆ ಭಾರ, ಆಮೇಲೆ ಚಲನೆ, ಕೊನೆಗೆ ಸ್ನಾನ. ಹಾಸಿಗೆಯಿಂದೆದ್ದವನೇ ನೇರವಾಗಿ ಭಾರಕ್ಕೆ ಕೈ ಹಾಕುವ ಆತುರ ಆ ದಿನಚರಿಯಲ್ಲಿಲ್ಲ.

ಈ ಅನುಕ್ರಮದ ಹಿಂದೆ ಆಯುರ್ವೇದದ ದಿನಚರ್ಯೆಯುಂಟು. ಅಭ್ಯಂಗವನ್ನು ನಿತ್ಯವೂ ಆಚರಿಸಬೇಕೆಂದೂ, ಅದು ಮುಪ್ಪನ್ನೂ ಶ್ರಮವನ್ನೂ ವಾತವನ್ನೂ ಕಳೆಯುವುದೆಂದೂ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳುತ್ತಾನೆ. ವ್ಯಾಯಾಮವನ್ನು ಮಾತ್ರ, ಬಲಶಾಲಿಯಾದವನು ಸಹ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಅರ್ಧಶಕ್ತಿಯಷ್ಟೇ ಮಾಡಬೇಕು, ಇತರ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಎಂಬುದು ಅವನ ವಿಧಿ. ಅರ್ಧಶಕ್ತಿಯೆಂಬ ಈ ಮಾತನ್ನು ಇಂದಿನ ಯುವಕರು ಕಿವಿಗೆ ಹಾಕಿಕೊಳ್ಳುವುದು ಕಷ್ಟ. ಸೊಂಟದಿಂದ ಹೊರಟು ಕಾಲಿನುದ್ದಕ್ಕೂ ಇಳಿಯುವ ಶೂಲೆಗೆ ಪ್ರಾಚೀನರಿಟ್ಟ ಹೆಸರು ಗೃಧ್ರಸೀ. ಅದು ಹಿಡಿದವನ ನಡಿಗೆ ಹದ್ದಿನ ನಡಿಗೆಯಂತಾಗುವುದೆಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ಆ ನೋವನ್ನು ಅನುಭವಿಸಿದವರಿಗೆ ಈ ಉಪಮೆಯ ಯಥಾರ್ಥತೆಯನ್ನು ವಿವರಿಸಬೇಕಾಗಿಲ್ಲ.

ಶಾಸ್ತ್ರವು ಗ್ರಂಥದಲ್ಲಿತ್ತು, ಅದನ್ನು ಕೈಯಲ್ಲಿಟ್ಟುಕೊಂಡವರು ಜಟ್ಟಿಗಳು. ವಿಜಯದಶಮಿಯ ಬೆಳಿಗ್ಗೆ ಮೈಸೂರರಮನೆಯ ಸವಾರಿತೊಟ್ಟಿಯಲ್ಲಿ, ತಲೆ ಬೋಳಿಸಿಕೊಂಡು, ಮುಷ್ಟಿಗೆ ವಜ್ರನಖವನ್ನು ಧರಿಸಿ, ಮೊದಲ ರಕ್ತಬಿಂದು ಕಾಣಿಸಿಕೊಳ್ಳುವ ತನಕ ಕಾದುವ ಆ ವಜ್ರಮುಷ್ಟಿಯ ಮಲ್ಲರನ್ನು ಎಲ್ಲರೂ ಬಲ್ಲರು. ಆದರೆ ವರ್ಷದ ಉಳಿದ ದಿನಗಳಲ್ಲಿ ಜನಕ್ಕೆ ಬೇಕಾದುದು ಅವರ ಬೇರೊಂದು ವಿದ್ಯೆ. ಕೀಲು ತಪ್ಪಿದರೆ ಕೂರಿಸುವುದು, ಉಳುಕಿದ ನರವನ್ನು ನೀವುವುದು, ಎಣ್ಣೆ ಹಾಕಿ ಮೈ ತಿಕ್ಕುವುದು ಅವರ ಮನೆತನದ ಕಸುಬಾಗಿದ್ದಿತು. ಎದುರಾಳಿಯ ಕೀಲನ್ನು ತಪ್ಪಿಸಬಲ್ಲವನಿಗೇ ಅದನ್ನು ಸ್ವಸ್ಥಾನಕ್ಕೆ ತರುವ ಮರ್ಮವೂ ತಿಳಿದಿರುವುದು ಸಹಜವಷ್ಟೆ. ಹಳ್ಳಿಗಳಲ್ಲಿ ಜಟ್ಟಿಗಳಿಲ್ಲದೆಡೆ ಜನರು ಬೇರೆ ಉಪಾಯವನ್ನು ಕಂಡುಕೊಂಡಿದ್ದರು: ಸೊಂಟದಲ್ಲಿ ಚಳಕು ಹಿಡಿದವನು, ತಾಯಿಯ ಗರ್ಭದಿಂದ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ, ಅವರ ಕಾಲಿನಿಂದ ಬೆನ್ನನ್ನು ಒದೆಸಿಕೊಂಡು ಬರುತ್ತಿದ್ದನು. ಇದರಿಂದ ಗುಣವಾಯಿತೆಂದು ಆಣೆಯಿಟ್ಟು ಹೇಳಿದವರನ್ನು ನಾನೇ ಕಂಡಿದ್ದೇನೆ. ನಂಬುವುದಾಗಲಿಲ್ಲ, ಆದರೆ ಅಂಥ ಚಳಕುಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿಯೇ ಮಾಯುವುವೆಂಬುದನ್ನು ವೈದ್ಯರೂ ಒಪ್ಪುವುದರಿಂದ, ಒದ್ದವರಿಗೆ ಸಲ್ಲುತ್ತಿದ್ದ ತೆಂಗಿನಕಾಯಿ ಎಲೆಯಡಿಕೆಗಳಿಗೆ ನಾನೇಕೆ ಅಡ್ಡಬರಲಿ!

ಇದುವರೆಗೆ ಹೇಳಿದುದೆಲ್ಲವೂ ಗಂಡಸರ ಬೆನ್ನಿನ ಚರಿತ್ರೆ. ಮಟ್ಟಿಗೆ ಹೆಂಗಸರು ಇಳಿಯುವಂತಿರಲಿಲ್ಲ. ಆದರೆ ನಾಡಿನ ಭಾರವನ್ನು ಹೊತ್ತ ಬೆನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವೇ. ಬಾವಿಯಿಂದ ನೀರು ಸೇದಿ, ತಲೆಯ ಮೇಲೊಂದು ಸೊಂಟದ ಮೇಲೊಂದು ಬಿಂದಿಗೆಯನ್ನಿಟ್ಟುಕೊಂಡು ಬಂದು, ಕಸ ಗುಡಿಸಿ, ಒರಳಿನ ಮುಂದೆ ಕುಳಿತು ರುಬ್ಬಿ, ಬೀಸುಕಲ್ಲಿನ ಗೂಟವನ್ನು ತಿರುವಿ, ಆಷಾಢ ಶ್ರಾವಣಗಳ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಮೊಣಕಾಲುದ್ದದ ಕೆಸರಿನಲ್ಲಿ ಬೆಳಗಿನಿಂದ ಬೈಗಿನವರೆಗೂ ನಡು ಬಗ್ಗಿಸಿ ನಾಟಿ ಹಾಕುವವಳಿಗೆ, ಹಳೆಯ ಕಾಲದವರ ಬೆನ್ನು ಕಬ್ಬಿಣದಂತಿತ್ತು ಎಂಬ ಪಟ್ಟಣಿಗರ ಪ್ರಶಂಸೆಯನ್ನು ಹೇಳಿ ನೋಡಿ. ಅವಳು ಸೊಂಟದ ಮೇಲೆ ಕೈಯಿಟ್ಟು ನಗುವಳು. ಶ್ರಮವೇ ಸಾಮಲ್ಲ. ಸಾಮಿನಲ್ಲಿ ಬಾಗಿದ ಬೆನ್ನು ಮರುಗಳಿಗೆಯೇ ಹಿಂದಕ್ಕೆ ಚಾಚಿಕೊಳ್ಳುವುದು. ನಾಟಿಯ ಗದ್ದೆಯಲ್ಲಿ ಹಾಗೆ ಚಾಚಿಕೊಳ್ಳುವುದಕ್ಕೆ ಸಾಲಿನ ಕೊನೆಯನ್ನು ಕಾಯಬೇಕು. ಮುಪ್ಪಿನಲ್ಲಿ ಗೂನಾಗಿ, ಕೋಲೂರಿ, ನೆಲವನ್ನೇ ನೋಡುತ್ತ ನಡೆಯುತ್ತಿದ್ದ ಅಜ್ಜಿಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನು, ಹಳೆಯದನ್ನೆಲ್ಲ ಹೊಗಳುವ ಭರದಲ್ಲಿ ನಾವು ಮರೆಯುತ್ತೇವೆ.

ಇದನ್ನು ಮನೆಯ ಹಿರಿಯ ಹೆಂಗಸರು ಅರಿಯದೆ ಇರಲಿಲ್ಲ. ಗರಡಿಯ ಉಸ್ತಾದನಿಗೆ ಮಟ್ಟಿ ಹೇಗೋ ಹಾಗೆ ಅವರಿಗೆ ಬಚ್ಚಲುಮನೆ. ಹುಡುಗಿ ಮೈನೆರೆದಳೆಂದರೆ ಎಳ್ಳುಬೆಲ್ಲವನ್ನು ಕುಟ್ಟಿದ ಚಿಗಳಿಯುಂಡೆಯನ್ನೂ ಕೊಬ್ಬರಿಯನ್ನೂ ತಿನ್ನಿಸುವರು. ಮೆಂತ್ಯದ ಹಿಟ್ಟು, ಉದ್ದಿನ ಹಿಟ್ಟುಗಳಿಗೆ ತುಪ್ಪ ಬೆಲ್ಲ ಸೇರಿಸಿ ಕೊಡುವರು. ಏಕೆಂದು ಕೇಳಿದರೆ ಸೊಂಟ ಗಟ್ಟಿಯಾಗಲೆಂದು ಎನ್ನುವರು. ಬಾಣಂತಿಯಾದಳೆಂದರೆ, ಬೆನ್ನಿಗೂ ಸೊಂಟಕ್ಕೂ ಎಣ್ಣೆಯನ್ನು ಬಿಸಿಮಾಡಿ ತಿಕ್ಕಿ, ಹಂಡೆಯ ಕುದಿನೀರನ್ನು ಮೈ ತಾಳುವಷ್ಟಕ್ಕೆ ತಣಿಸಿ, ನಡುವಿನ ಮೇಲೆ ಚೊಂಬು ಚೊಂಬಾಗಿ ಬಡಿದು ಎರೆದು, ಒರೆಸಿ, ಹಳೆಯ ಸೀರೆಯ ಪಟ್ಟಿಯನ್ನು ಹೊಟ್ಟೆಗೂ ನಡುವಿಗೂ ಬಿಗಿಯಾಗಿ ಸುತ್ತಿ, ಬೆಚ್ಚಗೆ ಹೊದಿಸಿ ಮಲಗಿಸುವರು. ಬಡಗಣ ಸೀಮೆಯಾದರೆ ಅಂಟಿನುಂಡೆಯೂ ಉಂಟು. ಈ ಉಪಚಾರಗಳಲ್ಲಿ ಕೆಲವನ್ನು ಇಂದಿನ ವೈದ್ಯರು ಒಪ್ಪುವರು, ಕೆಲವನ್ನು ಒಪ್ಪರು. ನನಗೆ ತೋರುವುದಿಷ್ಟು: ವರ್ಷದ ಉಳಿದೆಲ್ಲ ದಿನಗಳಲ್ಲಿಯೂ ವಿಶ್ರಾಂತಿಯನ್ನು ಕಾಣದ ಒಂದು ಬೆನ್ನಿಗೆ, ಅಡುಗೆಮನೆಗೆ ಹೋಗಬೇಡ, ಬಿಂದಿಗೆ ಮುಟ್ಟಬೇಡ ಎಂಬ ಅಪ್ಪಣೆಯೊಂದೇ ಆ ಎಣ್ಣೆಗಳೆಲ್ಲವುಗಳಿಗಿಂತ ಮಿಗಿಲಾದ ಔಷಧವಾಗಿತ್ತು. ತವರಿನ ಬಾಣಂತನಕ್ಕೆ ಹೆಣ್ಣುಮಕ್ಕಳು ಹಾತೊರೆಯುತ್ತಿದ್ದುದು ಸುಮ್ಮನಲ್ಲ.

ದುಡಿದ ಬೆನ್ನಿನ ಕಥೆ ಇದಾದರೆ, ಕುಳಿತ ಬೆನ್ನಿನ ಕಥೆಯೂ ಒಂದುಂಟು. ಶ್ಯಾನುಭೋಗರು ಜಗುಲಿಯ ಮೇಲೆ ಕಾಲು ಮಡಿಸಿ, ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಗ್ರಾಮದ ಲೆಕ್ಕವನ್ನು ಬರೆಯುತ್ತಿದ್ದರು. ಪುರಾಣ ಹೇಳುವವರ ಮುಂದೆ ವ್ಯಾಸಪೀಠವಿರುತ್ತಿತ್ತು, ಸಾಹುಕಾರರ ಹಿಂದೆ ಒರಗುದಿಂಬು. ತಪಸ್ವಿಗಳು ಬಹಳ ಹೊತ್ತು ಕುಳಿತಿರುವುದಕ್ಕೆ ಅನುಕೂಲವಾಗಿ ಬೆನ್ನಿನಿಂದ ಬಳಸಿ ಮೊಣಕಾಲುಗಳನ್ನು ಬಿಗಿಯುವ ಪಟ್ಟಿಯೊಂದನ್ನು ಕಟ್ಟಿಕೊಳ್ಳುತ್ತಿದ್ದರು. ಇದೇ ಯೋಗಪಟ್ಟ. ಹಂಪೆಯಲ್ಲಿ 1528ರಲ್ಲಿ ಏಕಶಿಲೆಯಲ್ಲಿ ಕಡೆದ ಬೃಹನ್ನರಸಿಂಹಮೂರ್ತಿಯ ಮೊಣಕಾಲುಗಳ ನಡುವೆ ಅದನ್ನು ಇಂದೂ ನೋಡಬಹುದು. ಮೇಲುಕೋಟೆಯ ಯೋಗಾನರಸಿಂಹನಿಗೂ ಅದೇ ಆಸನ. ಸಾಕ್ಷಾತ್ ನರಸಿಂಹನಿಗೇ ಬೆನ್ನಿಗೊಂದು ಆಸರೆ ಬೇಕಾಗಿದ್ದಿತೆಂದಮೇಲೆ ನಮ್ಮಂಥವರ ಪಾಡೇನು! ನೆಲದ ಮೇಲೆ ಕುಳಿತುಕೊಳ್ಳುವುದರಲ್ಲಿ ಮಹಾಗುಣವೊಂದಿದೆಯೆಂದು ನಾನು ವಾದಿಸುವುದಿಲ್ಲ. ಕೂತವನಿಗೆ ಕಾಲು ಜೋಮು ಹಿಡಿಯುತ್ತದೆ. ಹಿಡಿದಾಗ ಮಗ್ಗುಲು ಬದಲಿಸುತ್ತಾನೆ. ದಿನಕ್ಕೆ ಹತ್ತಾರು ಸಲ ಯಾವ ಆಸರೆಯೂ ಇಲ್ಲದೆ ಏಳುತ್ತಾನೆ, ಕೂರುತ್ತಾನೆ. ಕುರ್ಚಿಯು ತೆಗೆದುಕೊಂಡುಹೋದುದು ಈ ಅನನುಕೂಲವನ್ನು. ಅದರೊಡನೆಯೇ ಆ ಏಳುವ ಕೂರುವ ಅಭ್ಯಾಸವನ್ನೂ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಗಳು ಪುಸ್ತಕವನ್ನು ಸೇರತೊಡಗಿದುವು. ಮುಮ್ಮಡಿ ಕೃಷ್ಣರಾಜ ಒಡೆಯರವರು ಸಂಕಲಿಸಿದ ಶ್ರೀತತ್ತ್ವನಿಧಿಯೆಂಬ ಒಂಬತ್ತು ನಿಧಿಗಳ ಮಹಾಗ್ರಂಥದಲ್ಲಿ, ದೇವತೆಗಳ ಧ್ಯಾನಶ್ಲೋಕಗಳೂ ಬಣ್ಣದ ಚಿತ್ರಗಳೂ ತುಂಬಿರುವ ಪುಟಗಳ ಕೊನೆಯ ಭಾಗವಾದ ಕೌತುಕನಿಧಿಯೊಳಗೆ, 122 ಆಸನಗಳ ಚಿತ್ರಗಳು ಬರುತ್ತವೆ. ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಉಂಟು. 1896ರಲ್ಲಿ ಬೆಂಗಳೂರಿನಲ್ಲಿ ಎಸ್. ಭಾರದ್ವಾಜ ಎಂಬವರ ವ್ಯಾಯಾಮದೀಪಿಕೆ ಅಚ್ಚಾಯಿತು. ಗರಡಿಯ ದಂಡಗಳನ್ನು ಕ್ರಮವಾಗಿ ವಿವರಿಸುವ ಈ ಪುಸ್ತಕ, ಉಸ್ತಾದನ ಬಾಯಿಂದ ಶಿಷ್ಯನ ಮೈಗೆ ಇಳಿಯುತ್ತಿದ್ದುದನ್ನು ಶಾಲೆಯ ಮೇಷ್ಟರೂ ಓದಿ ಕಲಿಸಬಹುದಾದ ಪಾಠವನ್ನಾಗಿ ಮಾಡಿತು.

ಅನಂತರ ಬಂದುದು ಸ್ಯಾಂಡೋ ಯುಗ. ಯೂರೋಪಿನ ಆ ಮಲ್ಲನ ಛಾಯಾಚಿತ್ರಗಳೂ ಡಂಬೆಲ್ಲುಗಳೂ ಭಾರತದ ತರುಣರನ್ನು ಮರುಳುಮಾಡಿದುವು. ಅವನ ಪದ್ಧತಿಯನ್ನು ವರ್ಷಗಟ್ಟಲೆ ನಿಷ್ಠೆಯಿಂದ ಆಚರಿಸಿದವರಲ್ಲಿ ಸಾತಾರಾ ಸೀಮೆಯ ಔಂಧ್ ಸಂಸ್ಥಾನದ ಅಧಿಪತಿ ಭವಾನರಾವ್ ಪಂತ ಪ್ರತಿನಿಧಿಗಳೂ ಒಬ್ಬರು. ಮುಂದೆ ಮಿರಜದ ಅರಸರ ಸಲಹೆಯಂತೆ ಅವರು ಡಂಬೆಲ್ಲುಗಳನ್ನು ಬದಿಗಿರಿಸಿ ಸೂರ್ಯನಮಸ್ಕಾರವನ್ನು ಹಿಡಿದರು, ಹಿಡಿದುದನ್ನು ಬಿಡಲಿಲ್ಲ. ತಾವು ಮಾಡಿದರು, ರಾಣಿಯವರಿಂದ ಮಾಡಿಸಿದರು, ಸಂಸ್ಥಾನದ ಶಾಲೆಗಳಲ್ಲಿ ಕಡ್ಡಾಯಗೊಳಿಸಿದರು, 1920ರ ದಶಕದ ಕೊನೆಯಲ್ಲಿ ಅದನ್ನು ಕುರಿತು ಪುಸ್ತಕವನ್ನೂ ಬರೆದರು. ಆ ಚಿಕ್ಕ ಸಂಸ್ಥಾನಕ್ಕೆ ವಿಜಾಪುರ ಜಿಲ್ಲೆಯೊಳಗೆ ಗುಣದಾಳವೆಂಬ ಪ್ರತ್ಯೇಕವಾದೊಂದು ತುಂಡೂ ಸೇರಿತ್ತು. ಹೀಗೆ ಔಂಧದ ಮರಾಠಿ ಅರಸರ ಆಳ್ವಿಕೆ ಕನ್ನಡದ ನೆಲಕ್ಕೂ ಚಾಚಿಕೊಂಡಿತ್ತು. ಸೂರ್ಯನಿಗೆ ಸಾಷ್ಟಾಂಗವೆರಗುವ ಆಚಾರ ಪುರಾತನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ಹನ್ನೆರಡು ಭಂಗಿಗಳನ್ನು ಸರಪಣಿಯಾಗಿ ಪೋಣಿಸಿ, ಎಣಿಕೆಯಿಟ್ಟು, ಆರೋಗ್ಯಕ್ಕಾಗಿ ಮಾಡುವ ವ್ಯಾಯಾಮವಾಗಿ ಅದು ಮನೆಮಾತಾದುದು ಈ ಮಹನೀಯರ ಕಾಲದಲ್ಲಿ. ಅದರ ನಡುವಣ ಭಂಗಿಗಳನ್ನು ಗಮನಿಸಿದವರಿಗೆ ಗರಡಿಯ ದಂಡವನ್ನು ಗುರುತು ಹಿಡಿಯುವುದು ಕಷ್ಟವಾಗದು. ವೇದಕಾಲದಿಂದಲೂ ಹೀಗೆಯೇ ನಡೆದು ಬಂದಿದೆಯೆನ್ನುವವರೊಡನೆ ನಾನು ಜಗಳಕ್ಕೆ ನಿಲ್ಲುವುದಿಲ್ಲ, ಒಪ್ಪುವುದೂ ಇಲ್ಲ.

ಬೆಂಗಳೂರಿನಲ್ಲಿ ಈ ಹೊಸ ಗಾಳಿಯನ್ನು ಮೈಯಲ್ಲಿ ಧರಿಸಿದವರು ಕೆ. ವಿ. ಅಯ್ಯರ್. ಶಾಂತಲಾ, ರೂಪದರ್ಶಿಗಳ ಲೇಖಕರೆಂದು ಕನ್ನಡಿಗರು ಇವರನ್ನು ಬಲ್ಲರು. ಕೈಲಾಸಂ ಅವರ ಆಪ್ತರೆಂದೂ ಬಲ್ಲರು. ಆದರೆ ಅವರ ಜೀವನದ ಮುಖ್ಯವೃತ್ತಿ ಅಂಗಸಾಧನೆ. ಅವರ ಹರ್ಕ್ಯುಲೀಸ್ ವ್ಯಾಯಾಮಶಾಲೆಯಲ್ಲಿ ಭಾರದ ಕಂಬಿಗಳೂ ಇದ್ದುವು, ಆಸನಗಳೂ ಇದ್ದುವು, ಸೂರ್ಯನಮಸ್ಕಾರವೂ ಇತ್ತು. ದೂರದೂರಿನವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುವ ಏರ್ಪಾಡೂ ಇತ್ತು. ಸ್ನಾಯುಗಳ ಸೌಷ್ಠವವನ್ನು ಗ್ರೀಕ್ ಶಿಲ್ಪಿಯ ಕಣ್ಣಿನಿಂದ ನೋಡುತ್ತಿದ್ದ ಅವರು, ಭಾರವನ್ನೆತ್ತುವ ತರುಣರಿಗೆ ಮೈಯ ನಮ್ಯತೆಗಾಗಿ ಆಸನಗಳು ಬೇಕೆಂಬುದನ್ನು ಆ ಕಾಲದಲ್ಲಿಯೇ ಬರೆದರು. ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ವಸ್ಥರಾಗಿದ್ದಾಗ ಅಯ್ಯರರು ಅರಮನೆಗೆ ಹೋಗಿ ಅಂಗಮರ್ದನ ವ್ಯಾಯಾಮಗಳಿಂದ ಉಪಚರಿಸಿದರು. ಸಂತುಷ್ಟರಾದ ಪ್ರಭುಗಳು ಬೆಂಗಳೂರಿನ ವ್ಯಾಯಾಮಶಾಲೆಯ ಕಟ್ಟಡಕ್ಕೆ ನೆರವನ್ನಿತ್ತರು.

ಅದೇ ಪ್ರಭುಗಳ ಆಶ್ರಯದಲ್ಲಿದ್ದ ಮತ್ತೊಬ್ಬರು ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿ, ಕಾಶಿಯಲ್ಲಿಯೂ ಇತರೆಡೆಗಳಲ್ಲಿಯೂ ಶಾಸ್ತ್ರಗಳನ್ನೋದಿ, ಹಾಸನದ ಕಡೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆಯ ಕೆಲಸವನ್ನೂ ಮಾಡಿದ್ದ ಈ ವಿದ್ವಾಂಸರನ್ನು ಮಹಾರಾಜರು ಕರೆಸಿಕೊಂಡು, 1933ರಲ್ಲಿ ಜಗನ್ಮೋಹನ ಅರಮನೆಯೊಳಗೆ ಯೋಗಶಾಲೆಯನ್ನು ತೆರೆಸಿಕೊಟ್ಟರು. ಅರಸು ಮನೆತನಗಳ ಹುಡುಗರು ಅಲ್ಲಿಯ ಮುಖ್ಯ ವಿದ್ಯಾರ್ಥಿಗಳು. ಮರುವರ್ಷವೇ ಆಚಾರ್ಯರ ಯೋಗಮಕರಂದವು ಕನ್ನಡದಲ್ಲಿ ಪ್ರಕಟವಾಯಿತು, 1941ರಲ್ಲಿ ಯೋಗಾಸನಗಳು. ಲೋಕವೆಲ್ಲ ಇಂದು ಬೇರೆ ಬೇರೆ ಭಾಷೆಗಳಲ್ಲಿ ಓದುತ್ತಿರುವ ಯೋಗವಿದ್ಯೆಯ ಆಧಾರಗ್ರಂಥಗಳಲ್ಲಿ ಎರಡು ಮೊದಲು ಕನ್ನಡದಲ್ಲಿ ಹುಟ್ಟಿದುವೆಂಬುದನ್ನು ನಮ್ಮವರೇ ಹೆಚ್ಚಾಗಿ ಅರಿಯರು. ಆಚಾರ್ಯರು ಕಲಿಸುತ್ತಿದ್ದ ಆಸನಗಳಲ್ಲಿ ಪಶ್ಚಿಮೋತ್ತಾನವೂ ಒಂದು, ಪೂರ್ವೋತ್ತಾನವೂ ಒಂದು. ಪೂರ್ವಾಭಿಮುಖವಾಗಿ ಕುಳಿತು ಅನುಷ್ಠಾನ ಮಾಡುವವನಿಗೆ ಬೆನ್ನೇ ಪಶ್ಚಿಮದಿಕ್ಕು, ಎದೆಯೇ ಪೂರ್ವ. ದೇಹದ ಮೇಲೆ ದಿಗಂತವನ್ನೇ ಹೊದಿಸಿದ ಈ ನಾಮಕರಣ ನನಗೆ ಬಹಳ ಪ್ರಿಯವಾದುದು. ಪಶ್ಚಿಮವನ್ನು ಚಾಚಿದ ಮೇಲೆ ಪೂರ್ವವನ್ನೂ ಚಾಚಬೇಕು. ಒಂದು ಆಸನಕ್ಕೆ ಮತ್ತೊಂದು ಪ್ರತ್ಯಾಸನ. ಗರಡಿಯ ದಂಡವು ಒಂದೇ ಉಸಿರಿನಲ್ಲಿ ಮಾಡುತ್ತಿದ್ದುದನ್ನು ಇವರು ಬಿಡಿಸಿ, ಒಂದೊಂದು ಭಂಗಿಗೂ ಉಸಿರಿನ ಲೆಕ್ಕವನ್ನಿಟ್ಟರು.

ಈಗ ನಾನು ಹೇಳಬೇಕೆಂದಿದ್ದ ಸಂಗತಿಗೆ ಬಂದೆ. ಅದೇ ಜಗನ್ಮೋಹನ ಅರಮನೆಯಲ್ಲಿ, ಯೋಗಶಾಲೆಗೆ ಕೆಲವೇ ಮಾರುಗಳ ಅಂತರದಲ್ಲಿ, ಕೆ. ವಿ. ಅಯ್ಯರರ ಶಿಷ್ಯರೊಬ್ಬರು ವ್ಯಾಯಾಮದ ತರಗತಿಯನ್ನು ನಡೆಸುತ್ತಿದ್ದರು. ಸೂರ್ಯನಮಸ್ಕಾರವನ್ನು ಕಲಿಸುತ್ತಿದ್ದುದು ಅಲ್ಲಿ, ಯೋಗಶಾಲೆಯಲ್ಲಲ್ಲ. ಯೋಗಮಕರಂದದಲ್ಲಿ ವರ್ಣಿತವಾದ ಆಸನಗಳ ಸಾಲಿನಲ್ಲಿ ಸೂರ್ಯನಮಸ್ಕಾರದ ಸರಪಣಿ ಇಲ್ಲ. ಒಂದು ಕೋಣೆಯಲ್ಲಿ ಪತಂಜಲಿಯ ಹೆಸರು, ಇನ್ನೊಂದರಲ್ಲಿ ಸ್ನಾಯುಗಳ ಅಳತೆ. ನಡುವೆ ಒಂದು ಗೋಡೆ. ಅರಮನೆಯ ಹೊರಗೆ, ನಗರದ ಮೊಹಲ್ಲಗಳಲ್ಲಿ, ಮಟ್ಟಿಯನ್ನು ಅಗೆಯುತ್ತಿದ್ದ ಗರಡಿಗಳು. ಹೀಗೆ ಮಲ್ಲನ ಬೆನ್ನು, ಯೋಗಿಯ ಬೆನ್ನು, ಹೊಸ ವ್ಯಾಯಾಮಪಟುವಿನ ಬೆನ್ನು, ಮೂರೂ ಒಂದೇ ಊರಿನಲ್ಲಿ ಒಂದೇ ಬೆಳಗಿನಲ್ಲಿ ಬಾಗುತ್ತಿದ್ದುವು. ಮುಂದಿನ ತಲೆಮಾರಿನಲ್ಲಿ ಆ ಗೋಡೆ ಉಳಿಯಲಿಲ್ಲ. ಹಾಸನದ ಬಳಿಯ ಕೌಶಿಕದಿಂದ ಬಂದು ಆಚಾರ್ಯರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನಲ್ಲಿ 1948ರಲ್ಲಿ ತಮ್ಮ ಸಂಸ್ಥೆಯನ್ನಾರಂಭಿಸಿ ಬೋಧಿಸಿದ ಪದ್ಧತಿಯಲ್ಲಿ ಸೂರ್ಯನಮಸ್ಕಾರವೇ ಮೊದಲ ಪಾಠ; 1962ರಲ್ಲಿ ಕನ್ನಡದಲ್ಲಿ ಹೊರಬಂದ ಅವರ ಯೋಗಮಾಲಾ ಅದನ್ನು ಸ್ಥಿರಪಡಿಸಿತು. ಎರಡು ಕೋಣೆಗಳ ವಿದ್ಯೆ ಒಂದಾಗಿ ಹೊರದೇಶಗಳಿಗೆ ಹಡಗನ್ನೂ ವಿಮಾನವನ್ನೂ ಏರಿತು. ಶುದ್ಧಿಯನ್ನು ಬಯಸುವವರಿಗೆ ಇದು ಬೆರಕೆಯೆಂದು ತೋರಬಹುದು. ನನಗಾದರೋ ಗರಡಿಯ ದಂಡವು ಕೊನೆಗೆ ಯೋಗದ ಮನೆಯ ಹೊಸ್ತಿಲನ್ನು ದಾಟಿತಲ್ಲ ಎಂಬ ಸಂತೋಷ.

ಆಚಾರ್ಯರ ಇನ್ನೊಬ್ಬ ಶಿಷ್ಯರ ವಿಚಾರವನ್ನು ಹೇಳದೆ ಬೆನ್ನಿನ ಈ ಚರಿತ್ರೆ ಪೂರ್ಣವಾಗದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆನ್ಸಾ ಮಾರಿಯ ನಡುವೆ ಹುಟ್ಟಿದ ಸುಂದರರಾಜ ಅಯ್ಯಂಗಾರರು, ಮಲೇರಿಯ, ಟೈಫಾಯಿಡ್, ಕ್ಷಯಗಳಿಂದ ಸೊರಗಿ, ತಲೆಯನ್ನು ನೆಟ್ಟಗೆ ನಿಲ್ಲಿಸುವುದಕ್ಕೂ ಪ್ರಯಾಸಪಡುತ್ತಿದ್ದ ಬಾಲಕ. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ 1934ರಲ್ಲಿ ಮೈಸೂರಿಗೆ ಬಂದು, ಗುರುವಿನ ಕಾಠಿಣ್ಯವನ್ನು ಸಹಿಸಿ, 1937ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಪುಣೆಗೆ ಬೋಧಕರಾಗಿ ಹೋದರು. ರೋಗಿಯಾಗಿ ಬೆಳೆದವರಾದ್ದರಿಂದ ರೋಗಿಗಳ ಮೈ ಅವರಿಗೆ ಅರ್ಥವಾಯಿತು. ಬಗ್ಗಲಾರದವನಿಗೆ ಮರದ ದಿಮ್ಮಿ, ಕಾಲನ್ನು ಮುಟ್ಟಲಾರದವನಿಗೆ ಪಟ್ಟಿ, ಬೆನ್ನನ್ನು ತೂಗಿಬಿಡುವುದಕ್ಕೆ ಗೋಡೆಗೆ ಬಿಗಿದ ಹಗ್ಗ, ಹಿಂದಕ್ಕೆ ಬಾಗಲು ಕುರ್ಚಿ: ಹೀಗೆ ಒಂದೊಂದಾಗಿ ಉಪಕರಣಗಳನ್ನು ಅವರು ಅಳವಡಿಸಿಕೊಂಡರು. ಶ್ರೀತತ್ತ್ವನಿಧಿಯ ಚಿತ್ರಗಳಲ್ಲಿ ತೂಗಾಡುವ ಹಗ್ಗವೂ ಹಂಪೆಯ ನರಸಿಂಹನ ಮೊಣಕಾಲಿನ ಪಟ್ಟಿಯೂ ಪುಣೆಯ ಗೋಡೆಗಳ ಮೇಲೆ ಮರುಹುಟ್ಟು ಪಡೆದುವೇನೋ ಎಂದು ನನಗೆ ಅನ್ನಿಸಿದ್ದುಂಟು. ಇದು ನನ್ನ ಕಲ್ಪನೆ, ಚರಿತ್ರೆಯಲ್ಲ. ಬೆನ್ನನ್ನು ಕೆಡಿಸಿದ ಕುರ್ಚಿಯನ್ನೇ ಬೆನ್ನಿನ ಚಾಕರಿಗೆ ನಿಯೋಜಿಸಿದುದು ಮಾತ್ರ ನಿಜ.

ಮೈಸೂರಿನ ಯೋಗಶಾಲೆ 1950ರಲ್ಲಿ ಮುಚ್ಚಿಹೋಯಿತು. ರಾಜಾಶ್ರಯ ತಪ್ಪಿದ ಮೇಲೆ ಆಚಾರ್ಯರು ಮದರಾಸಿಗೆ ತೆರಳಿ, ನೂರು ವರ್ಷಗಳನ್ನು ದಾಟಿ, 1989ರವರೆಗೆ ಬಾಳಿದರು. ಜಗನ್ಮೋಹನ ಅರಮನೆ ಇಂದು ಚಿತ್ರಶಾಲೆಯೆಂದೇ ಪ್ರಸಿದ್ಧ. ಹಳದಣಕರರು ಬರೆದ ದೀಪ ಹಿಡಿದ ಸುಂದರಿಯ ಚಿತ್ರದ ಮುಂದೆ ಜನ ಮುತ್ತಿಕೊಂಡಿರುತ್ತಾರೆ. ತಾವು ನಿಂತಿರುವ ಮನೆಯಲ್ಲಿ ಒಂದು ಕಾಲಕ್ಕೆ ಅರಸು ಹುಡುಗರು ಬೆನ್ನನ್ನು ಬಿಲ್ಲಾಗಿ ಬಾಗಿಸುತ್ತಿದ್ದರೆಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. ಚಿತ್ರಶಾಲೆಯನ್ನು ನೋಡಿಕೊಂಡು ಹೊರಬಂದವರು, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು, ಹಳೆಯ ಮೊಹಲ್ಲಗಳಲ್ಲಿ ಇನ್ನೂ ಉಳಿದಿರುವ ಗರಡಿಗಳಲ್ಲಿ ಒಂದನ್ನಾದರೂ ವಿಚಾರಿಸಿಕೊಂಡು ಹೋಗಿ ನೋಡಬೇಕೆಂದು ನನ್ನ ಬಿನ್ನಹ. ಉಸ್ತಾದರ ಅಪ್ಪಣೆಯನ್ನು ಕೇಳಿ, ಪಾದರಕ್ಷೆಯನ್ನು ಹೊರಗೆ ಬಿಡಿ. ಬಾಗಿಲು ಚಿಕ್ಕದು, ಬಗ್ಗಿ ಹೋಗಿ.